ಗೊದಮೊಟ್ಟೆಗಳ ಜಾಡು ಹಿಡಿದ ಮೇಷ್ಟ್ರು: ಸಿ.ಆರ್. ನಾರಾಯಣ ರಾವ್

ಮುಂಗಾರಿನ ಮೊದಲ ದೊಡ್ಡ ಮಳೆ ಸುರಿದ ರಾತ್ರಿ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಊರುಗಳಲ್ಲಿ ಕಪ್ಪೆಗಳ ಕೂಗು ಕಿವಿ ತುಂಬುತ್ತದೆ. ಎರೆಹೊಲದ ತಗ್ಗು, ಬಾವಿಯ ಮಗ್ಗುಲಿನ ಕೆಸರು, ಹಿತ್ತಲಿನ ಬಾಳೆಯ ಬುಡದಲ್ಲಿ ನಿಂತ ನೀರು, ಎಲ್ಲೆಡೆಯಿಂದಲೂ ಅದೇ ನಾದ. ಬೇಸಿಗೆಯುದ್ದಕ್ಕೂ ಕಣ್ಣಿಗೆ ಬೀಳದಿದ್ದ ಈ ಜೀವಿಗಳು ಒಂದೇ ರಾತ್ರಿಯಲ್ಲಿ ಎಲ್ಲಿಂದ ಬಂದವೆಂಬ ಬೆರಗು ಹಳ್ಳಿಯ ಹಿರಿಯರಿಗೂ ಇದೆ. ಕೆಲವೇ ದಿನಗಳಲ್ಲಿ ಅದೇ ನೀರಿನಲ್ಲಿ ಬಾಲವಿರುವ ಪುಟ್ಟ ಕರಿಯ ಮರಿಗಳು ಓಡಾಡುತ್ತವೆ. ಮಕ್ಕಳು ಅವನ್ನು ಮೀನಿನ ಮರಿಗಳೆಂದು ತಿಳಿದು ತಂಬಿಗೆಯಲ್ಲಿ ತುಂಬಿಕೊಂಡು ಮನೆಗೆ ಬರುವುದೂ ಉಂಟು.

ಅವು ಗೊದಮೊಟ್ಟೆಗಳು. ಆದರೆ ಯಾವ ಗೊದಮೊಟ್ಟೆ ಯಾವ ಕಪ್ಪೆಯ ಮರಿ? ನೋಡಲು ಬಹುತೇಕ ಒಂದೇ ತೆರನಾಗಿರುವ ಈ ಮರಿಗಳನ್ನು ಬೇರ್ಪಡಿಸಿ ಗುರುತಿಸುವುದು ಹೇಗೆ? ಭಾರತದ ಬಯಲು ನಾಡಿನ ಮಟ್ಟಿಗೆ ಈ ಪ್ರಶ್ನೆಗೆ ವ್ಯವಸ್ಥಿತವಾದ ಉತ್ತರ ಹುಡುಕಿದ ಮೊದಲಿಗರಲ್ಲಿ ಬೆಂಗಳೂರಿನ ಒಬ್ಬ ಅಧ್ಯಾಪಕರೂ ಇದ್ದರು. ಅವರೇ ಪ್ರೊಫೆಸರ್ ಸಿ.ಆರ್. ನಾರಾಯಣ ರಾವ್. ಭಾರತೀಯ ಉಭಯಜೀವಿ ವಿಜ್ಞಾನಕ್ಕೆ ತಳಪಾಯ ಹಾಕಿದವರಲ್ಲಿ ಅವರ ಹೆಸರು ಎದ್ದು ಕಾಣುತ್ತದೆ. ಪ್ರಾಣಿಶಾಸ್ತ್ರಜ್ಞರ ವಲಯದಲ್ಲಿ ಸುಪರಿಚಿತವಾದ ಆ ಹೆಸರು ಅವರು ಬದುಕಿ ದುಡಿದ ನಾಡಿನ ಸಾಮಾನ್ಯ ಓದುಗರಿಗೆ ಮಾತ್ರ ಅಷ್ಟಾಗಿ ಪರಿಚಿತವಲ್ಲ.

ಬಳ್ಳಾರಿಯ ಶಾಲೆಯಿಂದ ಸೆಂಟ್ರಲ್ ಕಾಲೇಜಿಗೆ

ನಾರಾಯಣ ರಾವ್ ಜನಿಸಿದ್ದು 1882ರಲ್ಲಿ, ಕೊಯಮತ್ತೂರಿನಲ್ಲಿ. ಶಾಲಾ ವಿದ್ಯಾಭ್ಯಾಸ ಬಳ್ಳಾರಿಯಲ್ಲಿ ನಡೆಯಿತು. ಅಂದು ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ ಜಿಲ್ಲೆ. ಉನ್ನತ ವ್ಯಾಸಂಗಕ್ಕೆ ಅಲ್ಲಿನ ಹುಡುಗರು ಮದ್ರಾಸಿಗೆ ಹೋಗುವುದು ವಾಡಿಕೆಯಾಗಿತ್ತು. ರಾವ್ ಅವರೂ ಮದ್ರಾಸ್ ಕ್ರಿಶ್ಚಿಯನ್ ಕಾಲೇಜು ಸೇರಿದರು. ಅಲ್ಲಿ ಪ್ರಾಣಿಶಾಸ್ತ್ರ ಬೋಧಿಸುತ್ತಿದ್ದವರು ಜೆ.ಆರ್. ಹೆಂಡರ್ಸನ್. ಮುಂದೆ ಮದ್ರಾಸ್ ವಸ್ತುಸಂಗ್ರಹಾಲಯದ ಹೊಣೆ ಹೊತ್ತ ಈ ವಿದ್ವಾಂಸರ ಬಳಿ ಕಲಿತದ್ದು ರಾವ್ ಅವರ ಬದುಕಿನ ದಿಕ್ಕನ್ನು ನಿರ್ಧರಿಸಿತು.

ಕೊಯಮತ್ತೂರು ಮತ್ತು ಎರ್ನಾಕುಲಂಗಳಲ್ಲಿ ಕೆಲಕಾಲ ಅಧ್ಯಾಪಕರಾಗಿದ್ದ ನಂತರ ಅವರು ಬೆಂಗಳೂರಿಗೆ ಬಂದು ಸೆಂಟ್ರಲ್ ಕಾಲೇಜನ್ನು ಸೇರಿದರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಸೆಂಟ್ರಲ್ ಕಾಲೇಜು ಅದರ ವಿಜ್ಞಾನ ಶಿಕ್ಷಣದ ಕೇಂದ್ರವಾಯಿತು. ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ ರಾವ್ 1937ರಲ್ಲಿ ನಿವೃತ್ತರಾಗುವವರೆಗೂ ಅಲ್ಲಿಯೇ ದುಡಿದರು.

ಅಂದಿನ ಭಾರತೀಯ ಕಾಲೇಜುಗಳಲ್ಲಿ ಅಧ್ಯಾಪಕನ ಕೆಲಸವೆಂದರೆ ಪಾಠ ಹೇಳುವುದು, ಪರೀಕ್ಷೆಗೆ ಸಿದ್ಧಪಡಿಸುವುದು. ಪಠ್ಯಪುಸ್ತಕಗಳು ಇಂಗ್ಲೆಂಡಿನಿಂದ ಬರುತ್ತಿದ್ದವು. ಅವುಗಳಲ್ಲಿ ವರ್ಣಿತವಾಗುತ್ತಿದ್ದುದು ಯೂರೋಪಿನ ಕಪ್ಪೆ. ಭಾರತದ ಕಪ್ಪೆಗಳ ಬಗ್ಗೆ ತಿಳಿಯಬೇಕಾದರೆ ಜಾರ್ಜ್ ಬುಲಾಂಜೆ 1890ರಲ್ಲಿ ಪ್ರಕಟಿಸಿದ ಸರೀಸೃಪ ಮತ್ತು ಉಭಯಜೀವಿಗಳ ಗ್ರಂಥವೇ ಮುಖ್ಯ ಆಧಾರ. ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಮದ್ಯಸಾರದ ಸೀಸೆಗಳಲ್ಲಿದ್ದ ಪ್ರಾಣಿಗಳನ್ನು ನೋಡಿ ಬರೆದ ವಿದ್ವತ್ಪೂರ್ಣ ಗ್ರಂಥವದು. ಆದರೆ ಆ ಪ್ರಾಣಿ ಎಲ್ಲಿ ಮೊಟ್ಟೆಯಿಡುತ್ತದೆ, ಅದರ ಮರಿ ಹೇಗಿರುತ್ತದೆ, ಏನು ತಿನ್ನುತ್ತದೆ ಎಂಬುದನ್ನು ಸೀಸೆಯೊಳಗಿನ ದೇಹದಿಂದ ತಿಳಿಯುವುದು ಸಾಧ್ಯವಿರಲಿಲ್ಲ. ಅದಕ್ಕೆ ಹೊಂಡದ ದಂಡೆಯಲ್ಲಿ ಕೂರುವವರು ಬೇಕಿತ್ತು.

ಮರಿಯ ಬಾಯಿಯಲ್ಲಿದೆ ಗುರುತು

ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನಲ್ಲಿದ್ದ ನೆಲ್ಸನ್ ಅನಂಡೇಲ್ 1916ರಲ್ಲಿ ಸ್ಥಾಪನೆಯಾದ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಮೊದಲ ನಿರ್ದೇಶಕರು. ಬೆಂಗಳೂರಿನ ರಾವ್ ಅವರಿಗೂ ಕಲ್ಕತ್ತೆಯ ಅನಂಡೇಲ್ ಅವರಿಗೂ ನಡುವೆ ಬೆಳೆದ ವೈಜ್ಞಾನಿಕ ಸಹಕಾರದ ಫಲವಾಗಿ 1918ರಲ್ಲಿ ಒಂದು ಮುಖ್ಯ ಪ್ರಬಂಧ ಹೊರಬಂದಿತು. ಭಾರತದ ಬಯಲು ಪ್ರದೇಶಗಳಲ್ಲಿ ಕಾಣಸಿಗುವ ರಾನಿಡೆ ಮತ್ತು ಬ್ಯೂಫೋನಿಡೆ ಕುಟುಂಬಗಳ ಗೊದಮೊಟ್ಟೆಗಳನ್ನು ಕುರಿತ ಪ್ರಬಂಧವದು. ಇಂಡಿಯನ್ ಮ್ಯೂಸಿಯಂನ ರೆಕಾರ್ಡ್ಸ್ ಪತ್ರಿಕೆಯ 15ನೆಯ ಸಂಪುಟದಲ್ಲಿ ಅದು ಪ್ರಕಟವಾಯಿತು.

ಈ ಕೆಲಸದ ಮಹತ್ವ ತಿಳಿಯಬೇಕಾದರೆ ಗೊದಮೊಟ್ಟೆಯ ರಚನೆಯನ್ನು ಸ್ವಲ್ಪ ಅರಿಯಬೇಕು. ಬರಿಗಣ್ಣಿಗೆ ಅದು ಒಂದು ದುಂಡನೆಯ ತಲೆ, ಒಂದು ಬಾಲ. ಭೂತಗನ್ನಡಿಯಡಿಯಲ್ಲಿ ಅದರ ಬಾಯಿಯನ್ನು ನೋಡಿದರೆ ಬೇರೊಂದು ಲೋಕವೇ ತೆರೆಯುತ್ತದೆ. ಹೆಚ್ಚಿನ ಗೊದಮೊಟ್ಟೆಗಳಿಗೆ ಕೊಂಬಿನಂಥ ಕರಿಯ ಕೊಕ್ಕು ಇರುತ್ತದೆ. ಅದರ ಮೇಲೆ ಕೆಳಗೆ ಬಾಚಣಿಗೆಯ ಹಲ್ಲಿನಂತೆ ಸೂಕ್ಷ್ಮ ಹಲ್ಲುಗಳ ಸಾಲುಗಳಿರುತ್ತವೆ. ಮೇಲ್ದುಟಿಯಲ್ಲಿ ಎಷ್ಟು ಸಾಲು, ಕೆಳದುಟಿಯಲ್ಲಿ ಎಷ್ಟು ಸಾಲು, ಯಾವ ಸಾಲು ನಡುವೆ ತುಂಡಾಗಿದೆ ಎಂಬುದು ಪ್ರಭೇದದಿಂದ ಪ್ರಭೇದಕ್ಕೆ ಬದಲಾಗುತ್ತದೆ. ಉಸಿರಾಟದ ನೀರು ಹೊರಹೋಗುವ ರಂಧ್ರ ಎಲ್ಲಿದೆ, ಬಾಲದ ರೆಕ್ಕೆ ಎಷ್ಟು ಅಗಲ, ಕಣ್ಣು ಮೇಲಕ್ಕಿದೆಯೋ ಪಕ್ಕಕ್ಕಿದೆಯೋ ಎಂಬುವೂ ಗುರುತಿಗೆ ನೆರವಾಗುತ್ತವೆ. ಈ ವಿವರಗಳನ್ನು ದಾಖಲಿಸಿದರೆ ಕಪ್ಪೆ ಕಣ್ಣಿಗೆ ಬೀಳದಿದ್ದರೂ ಅದರ ಮರಿಯನ್ನು ನೋಡಿ ಆ ನೀರಿನಲ್ಲಿ ಯಾರು ಮೊಟ್ಟೆಯಿಟ್ಟರೆಂದು ಹೇಳಬಹುದು.

ಎಲ್ಲ ಮರಿಗಳ ಬಾಯಿಯೂ ಹೀಗಿರುವುದಿಲ್ಲ. ಮೈಕ್ರೋಹೈಲಾ ಆರ್ನೇಟಾ ಎಂಬ ಹೆಬ್ಬೆರಳಿನ ಗಾತ್ರದ ಕಪ್ಪೆಯ ಗೊದಮೊಟ್ಟೆಗೆ ಕೊಕ್ಕೂ ಇಲ್ಲ, ಹಲ್ಲಿನ ಸಾಲೂ ಇಲ್ಲ. ಅದರ ದೇಹ ಗಾಜಿನಂತೆ ಪಾರದರ್ಶಕ. ನೀರನ್ನು ಹೀರಿ ಸೋಸಿ, ಅದರಲ್ಲಿನ ಅತಿಸೂಕ್ಷ್ಮ ಜೀವಿಗಳನ್ನು ತಿಂದು ಅದು ಬೆಳೆಯುತ್ತದೆ. ಈ ಮರಿಯ ಚರ್ಮದಲ್ಲಿರುವ, ಬೆಳಕನ್ನು ಪ್ರತಿಫಲಿಸುವ ವಿಶೇಷ ಕೋಶಗಳ ಬಗ್ಗೆ ರಾವ್ 1917ರಲ್ಲಿಯೇ ಪ್ರಬಂಧ ಬರೆದಿದ್ದರು. ಮಳೆನೀರಿನ ಗುಂಡಿಯಲ್ಲಿ ಯಾರೂ ಗಮನಿಸದ ಜೀವಿಯೊಂದು ಪ್ರಯೋಗಾಲಯದ ಗಂಭೀರ ಅಧ್ಯಯನಕ್ಕೆ ವಸ್ತುವಾದುದು ಅಂದಿನ ಭಾರತದಲ್ಲಿ ಸಾಮಾನ್ಯ ಸಂಗತಿಯಾಗಿರಲಿಲ್ಲ.

ಹಿತ್ತಲಿನ ನಿವಾಸಿಗಳು

ರಾವ್ ತಮ್ಮ ಕ್ಷೇತ್ರಕಾರ್ಯವನ್ನು ನಡೆಸಿದ್ದು ಮುಖ್ಯವಾಗಿ ಮೈಸೂರು ಸಂಸ್ಥಾನ, ಕೊಡಗು ಮತ್ತು ದಕ್ಷಿಣದ ಘಟ್ಟಗಳಲ್ಲಿ. ಆಳಂದ, ಅಫಜಲಪುರ, ಜೇವರ್ಗಿಗಳು ಆಗ ಹೈದರಾಬಾದ್ ನಿಜಾಮರ ಆಡಳಿತದಲ್ಲಿದ್ದವು. ಆದರೆ ಬಯಲಿನ ಕಪ್ಪೆಗಳಿಗೆ ಸಂಸ್ಥಾನದ ಗಡಿಗಳಿಲ್ಲ. ಬೆಂಗಳೂರಿನ ಹೊಂಡದಲ್ಲಿ ಕಂಡ ಸಾಮಾನ್ಯ ಜೀವಿಗಳೇ ಭೀಮಾ ತೀರದ ಹಿತ್ತಲುಗಳಲ್ಲಿಯೂ ಮನೆಮಾಡಿವೆ. ದಖ್ಖನ್ನಿನ ಬಯಲಿನಲ್ಲಿ ಮನೆಯಂಗಳಕ್ಕೆ ಬರುವ ಕೆಲವನ್ನು ಇಲ್ಲಿ ಪರಿಚಯಿಸಬಹುದು.

ಮೊದಲನೆಯದು ನೆಲಗಪ್ಪೆ. ಮೈಮೇಲೆ ನರುಲಿಯಂಥ ಗಂಟುಗಳಿರುವ, ಕುಪ್ಪಳಿಸುವುದಕ್ಕಿಂತ ನಿಧಾನವಾಗಿ ನಡೆಯುವುದನ್ನೇ ಇಷ್ಟಪಡುವ ಈ ಪ್ರಾಣಿ ಸಂಜೆಯಾದೊಡನೆ ದೀಪದ ಕಂಬದಡಿ ಹುಳಗಳಿಗಾಗಿ ಕಾಯುತ್ತದೆ. ಅದನ್ನು ಮುಟ್ಟಿದರೆ ನರುಲಿ ಬರುತ್ತದೆಂಬುದು ಸುಳ್ಳು ನಂಬಿಕೆ. ಕಣ್ಣಿನ ಹಿಂಬದಿಯ ಗ್ರಂಥಿಗಳಲ್ಲಿ ವಿಷದ ಸ್ರಾವವಿರುವುದಂತೂ ನಿಜ. ನಾಯಿ ಕಚ್ಚಿದರೆ ಬಾಯಲ್ಲಿ ನೊರೆ ಬರುವುದು ಅದರಿಂದಲೇ. ಇದರ ಮೊಟ್ಟೆಗಳು ಎರಡು ಉದ್ದನೆಯ ಲೋಳೆದಾರಗಳಲ್ಲಿ ಮಣಿ ಪೋಣಿಸಿದಂತಿರುತ್ತವೆ. ಗುಂಪುಗುಂಪಾಗಿ ಓಡಾಡುವ ಕಡುಗಪ್ಪು ಮರಿಗಳು ಸಾಮಾನ್ಯವಾಗಿ ಇದರವೇ.

ಎರಡನೆಯದು ಗೂಳಿಗಪ್ಪೆ. ಮಳೆಗಾಲದಲ್ಲಿ ಗಂಡು ಹಳದಿ ಬಣ್ಣಕ್ಕೆ ತಿರುಗಿ, ಗಂಟಲಿನ ಎರಡೂ ಬದಿಗೆ ನೀಲಿ ಚೀಲಗಳನ್ನು ಉಬ್ಬಿಸಿ ಕೂಗುತ್ತದೆ. ಇದರ ಗೊದಮೊಟ್ಟೆ ಬೇಟೆಗಾರ. ಇತರ ಗೊದಮೊಟ್ಟೆಗಳನ್ನು ತಿಂದು ಬೆಳೆಯುತ್ತದೆ. ಬಾವಿ, ತೊಟ್ಟಿಗಳಲ್ಲಿ ತಲೆಯಷ್ಟನ್ನೇ ಹೊರಹಾಕಿ ತೇಲುವ, ಹೆದರಿದರೆ ನೀರಿನ ಮೇಲೆಯೇ ಚಿಮ್ಮಿ ಓಡುವ ಕಪ್ಪೆ ಮೂರನೆಯದು. ನಾಲ್ಕನೆಯದು ಬಿಲ ತೋಡುವ ಕಪ್ಪೆ. ಹಿಂಗಾಲಿನ ಅಡಿಯಲ್ಲಿ ಸಲಿಕೆಯಂಥ ಗಟ್ಟಿ ಗಂಟಿರುವ ಇದು ಹಿಮ್ಮುಖವಾಗಿ ಮಣ್ಣಿನೊಳಗೆ ಇಳಿದು ಬೇಸಿಗೆಯನ್ನು ಕಳೆಯುತ್ತದೆ. ಒಂದೇ ರಾತ್ರಿಯಲ್ಲಿ ಕಪ್ಪೆಗಳು ಎಲ್ಲಿಂದ ಬಂದವೆಂಬ ಹಿರಿಯರ ಬೆರಗಿಗೆ ಉತ್ತರ ಇಲ್ಲಿದೆ. ಅವು ಮುಗಿಲಿನಿಂದ ಬೀಳುವುದಿಲ್ಲ, ಕಾಲಡಿಯ ನೆಲದಿಂದಲೇ ಏಳುತ್ತವೆ. ಬಚ್ಚಲ ಗೋಡೆಗೆ ಅಂಟಿ ಕೂರುವ ಮರಗಪ್ಪೆ ಐದನೆಯದು. ನೀರಿನ ಮೇಲೆ ಚಾಚಿದ ಗಿಡಕ್ಕೋ ತೊಟ್ಟಿಯ ಗೋಡೆಗೋ ನೊರೆಯ ಗೂಡು ಕಟ್ಟಿ ಅದರೊಳಗೆ ಮೊಟ್ಟೆಯಿಡುವುದು ಇದರ ರೂಢಿ.

ನೆಲಗಪ್ಪೆ, ನೀರಿನ ಮೇಲೆ ಚಿಮ್ಮುವ ಕಪ್ಪೆ, ಬಿಲ ತೋಡುವ ಕಪ್ಪೆ, ಈ ಮೂರಕ್ಕೂ ವೈಜ್ಞಾನಿಕ ಹೆಸರು ಕೊಟ್ಟವರು ಜರ್ಮನಿಯ ಯೋಹಾನ್ ಷ್ನೈಡರ್. ಅದು 1799ರ ಮಾತು. ಭಾರತವನ್ನೇ ಕಾಣದ ವಿದ್ವಾಂಸರು ಹೆಸರಿಟ್ಟು ನೂರು ವರ್ಷ ಕಳೆದ ಮೇಲೂ ಅವುಗಳ ಮರಿಗಳ ಕುರಿತು ಕ್ರಮಬದ್ಧ ಬರಹ ತೀರ ವಿರಳವಾಗಿತ್ತು. ರಾವ್ ಮತ್ತು ಅನಂಡೇಲ್ ತುಂಬಲು ಹೊರಟದ್ದು ಈ ಕೊರತೆಯನ್ನು.

ಘಟ್ಟದ ಕಾಡುಗಳಲ್ಲಿ

ಬಯಲಿನ ಜೊತೆಗೆ ಪಶ್ಚಿಮ ಘಟ್ಟದ ಕಾಡುಗಳೂ ರಾವ್ ಅವರನ್ನು ಸೆಳೆದವು. 1920ರಲ್ಲಿ ಅವರು ಕೊಡಗಿನ ಬ್ರಹ್ಮಗಿರಿಯ ಕಡೆ ಕಾವೇರಿಯ ಪವಿತ್ರ ಜೌಗಿನಲ್ಲಿ ಸಿಕ್ಕ ಒಂದು ಪುಟ್ಟ ಕಪ್ಪೆಯನ್ನು ಹೊಸ ಪ್ರಭೇದವೆಂದು ವರ್ಣಿಸಿದರು. ಅದಕ್ಕೆ ಕೊಟ್ಟ ಸಾಂಕ್ಟಿಪಲುಸ್ಟ್ರಿಸ್ ಎಂಬ ಲ್ಯಾಟಿನ್ ಹೆಸರಿಗೆ ಪವಿತ್ರ ಜೌಗಿನದು ಎಂದೇ ಅರ್ಥ. ಸ್ಥಳದ ಮಹಿಮೆಯನ್ನು ಪ್ರಾಣಿಯ ಹೆಸರಿನಲ್ಲಿಯೇ ಉಳಿಸಿದ ಬಗೆಯಿದು.

1925ರಲ್ಲಿ ರಾಮಣ್ಣ ಎಂಬ ಸಹಲೇಖಕರೊಂದಿಗೆ ಅವರು ಲಂಡನ್ನಿನ ಜೂಲಾಜಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಕಪ್ಪೆಗಳ ಹೊಸ ಜಾತಿಯೊಂದನ್ನು ಸ್ಥಾಪಿಸಿದರು. ಅದೇ ರಾಮನೆಲ್ಲಾ. ಮುಂದೆ ಸುಮಾರು 90 ವರ್ಷಗಳ ಕಾಲ ಆ ಹೆಸರು ಬಳಕೆಯಲ್ಲಿತ್ತು. 2016ರಲ್ಲಿ ವಂಶವಾಹಿ ಅಧ್ಯಯನಗಳ ಆಧಾರದ ಮೇಲೆ ಅದನ್ನು ಯುಪೆರೊಡಾನ್ ಎಂಬ ಹಳೆಯ ಜಾತಿಯಲ್ಲಿ ವಿಲೀನಗೊಳಿಸಲಾಯಿತು.

ಅವರ ಅತಿ ದೊಡ್ಡ ಪ್ರಬಂಧ ಹೊರಬಂದದ್ದು ನಿವೃತ್ತಿಯ ವರ್ಷವಾದ 1937ರಲ್ಲಿ. ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿಗಳಲ್ಲಿ ಪ್ರಕಟವಾದ, 40 ಪುಟಗಳಷ್ಟು ದೀರ್ಘವಾದ ಆ ಬರಹದಲ್ಲಿ ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳ ವರ್ಣನೆಗಳಿದ್ದವು. ಹಾಸನ ಜಿಲ್ಲೆಯ ಕೆಂಪುಹೊಳೆ ಘಟ್ಟ, ಸಕಲೇಶಪುರ, ಅಂದಿನ ಕಡೂರು ಜಿಲ್ಲೆಯ ಕೊಟ್ಟಿಗೆಹಾರ ಮುಂತಾದ ಮಲೆನಾಡಿನ ಊರುಗಳು ಆ ಮೂಲಕ ವಿಶ್ವದ ಪ್ರಾಣಿಶಾಸ್ತ್ರದ ನಕ್ಷೆಯಲ್ಲಿ ಸೇರಿಕೊಂಡವು. ಕೆಂಪುಹೊಳೆಯ ಹೆಸರನ್ನು ಒಂದು ಕಪ್ಪೆ ಇಂದಿಗೂ ಹೊತ್ತುಕೊಂಡಿದೆ.

ಬೆಂಗಳೂರಿನ ಈ ವಿಭಾಗದಲ್ಲಿ ಉಭಯಜೀವಿಗಳ ಅಧ್ಯಯನದ ಪರಂಪರೆಯೇ ಬೆಳೆಯಿತು. ಕಪ್ಪೆಗಳ ತಲೆಬುರುಡೆಯ ರಚನೆಯ ಮೇಲೆ ಕೆಲಸ ಮಾಡಿದ ಎಲ್.ಎಸ್. ರಾಮಸ್ವಾಮಿ, ಕಾಲಿಲ್ಲದ ಉಭಯಜೀವಿಗಳಾದ ಸಿಸಿಲಿಯನ್‌ಗಳ ಜೀವಕೋಶಗಳನ್ನು ಅಭ್ಯಸಿಸಿದ ಬಿ.ಆರ್. ಶೇಷಾಚಾರ್ ಮುಂತಾದವರು ಸೆಂಟ್ರಲ್ ಕಾಲೇಜಿನ ಕೊಡುಗೆ. ಇವರಿಬ್ಬರೂ ಮುಂದೆ ಉತ್ತರ ಭಾರತದ ವಿಶ್ವವಿದ್ಯಾನಿಲಯಗಳಲ್ಲಿ ಪ್ರಾಣಿಶಾಸ್ತ್ರ ವಿಭಾಗಗಳನ್ನು ಬೆಳೆಸಿದರು.

ಸಂಪಾದಕರ ಪೀಠದಲ್ಲಿ

ರಾವ್ ಅವರ ಬದುಕಿನ ಇನ್ನೊಂದು ಮುಖ ಪತ್ರಿಕೆಗೆ ಸಂಬಂಧಿಸಿದ್ದು. 1930ರ ದಶಕದ ಆರಂಭದಲ್ಲಿ ಭಾರತದ ವಿಜ್ಞಾನಿಗಳಿಗೆ ತಮ್ಮ ಸಂಶೋಧನೆಯ ಸುದ್ದಿಯನ್ನು ಬೇಗನೆ ಪ್ರಕಟಿಸಲು ದೇಶದೊಳಗೆ ತಕ್ಕ ವೇದಿಕೆಯಿರಲಿಲ್ಲ. ಲಂಡನ್ನಿನ ನೇಚರ್ ಪತ್ರಿಕೆಗೆ ಕಳುಹಿಸಿ ತಿಂಗಳುಗಟ್ಟಲೆ ಕಾಯಬೇಕಾಗುತ್ತಿತ್ತು. ಈ ಕೊರತೆಯನ್ನು ನೀಗಲು 1932ರ ಜುಲೈನಲ್ಲಿ ಬೆಂಗಳೂರಿನಿಂದ ಕರೆಂಟ್ ಸೈನ್ಸ್ ಪತ್ರಿಕೆ ಹೊರಟಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ನಾರಾಯಣ ರಾವ್ ಅವರೇ ಮೊದಲ ಸಂಪಾದಕರು.

ಕಪ್ಪೆಯ ಮರಿಯ ಹಲ್ಲಿನ ಸಾಲು ಎಣಿಸುತ್ತಿದ್ದ ಪ್ರಾಧ್ಯಾಪಕರು ಈಗ ಭೌತವಿಜ್ಞಾನದಿಂದ ಕೃಷಿಯವರೆಗಿನ ಬರಹಗಳನ್ನು ಓದಿ ತಿದ್ದುವ ಹೊಣೆ ಹೊತ್ತರು. ವಿಶ್ವವಿದ್ಯಾನಿಲಯಗಳಲ್ಲಿ ಬೋಧನೆಯ ಜೊತೆಗೆ ಸಂಶೋಧನೆಯೂ ನಡೆಯಬೇಕೆಂಬುದು ಅವರ ದೃಢ ನಿಲುವಾಗಿತ್ತು. ದೇಶಕ್ಕೊಂದು ವಿಜ್ಞಾನ ಅಕಾಡೆಮಿ ಬೇಕೆಂಬ ಚರ್ಚೆಗೂ ಆ ಪತ್ರಿಕೆಯ ಪುಟಗಳು ವೇದಿಕೆಯಾದವು. 1934ರಲ್ಲಿ ಸಿ.ವಿ. ರಾಮನ್ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. 90 ವರ್ಷ ದಾಟಿದ ಕರೆಂಟ್ ಸೈನ್ಸ್ ಇಂದಿಗೂ ಬೆಂಗಳೂರಿನಿಂದಲೇ ಪ್ರಕಟವಾಗುತ್ತಿದೆ. ರಾವ್ 1960ರಲ್ಲಿ ನಿಧನರಾದರು.

ಕಳೆದುಹೋದ ಸೀಸೆಗಳು

ಯಾವುದೇ ಪ್ರಾಣಿಗೆ ಹೊಸದಾಗಿ ಹೆಸರಿಡುವ ವಿಜ್ಞಾನಿ ತಾನು ನೋಡಿ ವರ್ಣಿಸಿದ ಪ್ರಾಣಿಯ ದೇಹವನ್ನು ಒಂದು ಸಂಗ್ರಹಾಲಯದಲ್ಲಿ ಕಾಪಿಡಬೇಕು. ಅದು ಮಾದರಿ ಪ್ರತಿ. ಮನೆಯ ಹಕ್ಕುಪತ್ರವಿದ್ದಂತೆ. ಮುಂದೆ ತಕರಾರು ಎದ್ದರೆ, ಈ ಹೆಸರು ಯಾವ ಪ್ರಾಣಿಗೆ ಸಲ್ಲುತ್ತದೆಂದು ಸಂಶಯ ಬಂದರೆ, ಆ ಪ್ರತಿಯನ್ನು ತೆರೆದು ನೋಡಿ ತೀರ್ಮಾನಿಸಲಾಗುತ್ತದೆ. ರಾವ್ ತಮ್ಮ 1937ರ ಪ್ರಬಂಧದ ಮಾದರಿಗಳನ್ನು ಸೆಂಟ್ರಲ್ ಕಾಲೇಜಿನ ಸಂಗ್ರಹದಲ್ಲಿ ಇರಿಸಿದ್ದರು. ಕಾಲಾನಂತರ ಅವು ಕಳೆದುಹೋದವು.

ಇದರ ಪರಿಣಾಮ ಸಣ್ಣದಾಗಿರಲಿಲ್ಲ. ಘಟ್ಟದ ಪುಟ್ಟ ಕಪ್ಪೆಗಳು ಒಂದನ್ನೊಂದು ಬಹಳ ಹೋಲುತ್ತವೆ. ಇಂದಿನ ವಿಜ್ಞಾನಿಗಳು ಬಣ್ಣ, ಅಳತೆ, ಕೂಗು, ವಂಶವಾಹಿ ಇವೆಲ್ಲವನ್ನೂ ಕೂಡಿಸಿ ನೋಡುತ್ತಾರೆ. ರಾವ್ ಅವರ ಕಾಲದಲ್ಲಿ ಆ ಸೌಲಭ್ಯಗಳಿರಲಿಲ್ಲ. ಅವರ ಕೆಲವು ವರ್ಣನೆಗಳು ಇಂದಿನ ಅಗತ್ಯಕ್ಕೆ ಸಾಲವು. ಮಾದರಿಯೂ ಇಲ್ಲ, ಪೂರ್ಣ ವಿವರವೂ ಇಲ್ಲ ಎಂದಾದಾಗ ಆ ಹೆಸರುಗಳು ಯಾವ ಕಪ್ಪೆಗೆ ಸೇರಿದ್ದೆಂದು ತಿಳಿಯದೆ ದಶಕಗಳ ಕಾಲ ಗೊಂದಲ ಉಳಿಯಿತು. ಕೆಲವು ಹೆಸರುಗಳು ಹಳೆಯ ಹೆಸರುಗಳ ಪುನರುಕ್ತಿಯೆಂದು ಬದಿಗೆ ಸರಿದವು. ಒಬ್ಬ ಮನುಷ್ಯನ ಜೀವಮಾನದ ದುಡಿಮೆ ಕೆಲವು ಗಾಜಿನ ಸೀಸೆಗಳ ಜೊತೆಗೆ ಕರಗಿಹೋಗುವ ಅಪಾಯವಿತ್ತು.

ಹಾಗಾಗದಂತೆ ಕಾಪಾಡಿದ್ದು ಅವರೇ ಬರೆದಿಟ್ಟ ಸ್ಥಳದ ವಿವರ. ಕಪ್ಪೆ ಸಿಕ್ಕ ಊರು, ಘಟ್ಟಗಳ ಹೆಸರನ್ನು ರಾವ್ ದಾಖಲಿಸಿದ್ದರು. ಆ ವಿಳಾಸ ಹಿಡಿದು ಹೊಸ ತಲೆಮಾರಿನ ಸಂಶೋಧಕರು ಮಳೆಗಾಲದ ರಾತ್ರಿಗಳಲ್ಲಿ ಅದೇ ಘಟ್ಟಗಳಿಗೆ ಹೋದರು. 2011ರಲ್ಲಿ ಎಸ್.ಡಿ. ಬಿಜು ಮತ್ತು ಸಂಗಡಿಗರು ಪಶ್ಚಿಮ ಘಟ್ಟದ ಇರುಳುಗಪ್ಪೆಗಳ ವಿಸ್ತಾರವಾದ ಅಧ್ಯಯನವನ್ನು ಪ್ರಕಟಿಸಿದರು. ಅದರಲ್ಲಿ 12 ಹೊಸ ಪ್ರಭೇದಗಳ ಜೊತೆಗೆ, ಬಹುಕಾಲದಿಂದ ಕಾಣದಿದ್ದ 3 ಪ್ರಭೇದಗಳು ಮತ್ತೆ ಸಿಕ್ಕ ಸುದ್ದಿಯೂ ಇತ್ತು. ಕೊಡಗಿನ ಪವಿತ್ರ ಜೌಗಿನ ಕಪ್ಪೆ 91 ವರ್ಷಗಳ ನಂತರ, ಕೆಂಪುಹೊಳೆಯ ಕಪ್ಪೆ ಮತ್ತು ಸಿಲ್ವಾಟಿಕಸ್ ಎಂಬ ಕಾಡಿನ ಕಪ್ಪೆ ಸುಮಾರು 75 ವರ್ಷಗಳ ನಂತರ ಪತ್ತೆಯಾಗಿದ್ದವು. ಈ ಮೂರಕ್ಕೂ ಮೊದಲು ಹೆಸರಿಟ್ಟವರು ನಾರಾಯಣ ರಾವ್.

ಅದಕ್ಕೂ ಒಂದು ವರ್ಷ ಮೊದಲು, 2010ರಲ್ಲಿ, ಪಶ್ಚಿಮ ಘಟ್ಟದ ಪೊದೆಗಪ್ಪೆಗಳ ಒಂದು ದೊಡ್ಡ ಗುಂಪನ್ನು ಹೊಸ ಜಾತಿಯೆಂದು ಬೇರ್ಪಡಿಸಲಾಯಿತು. ಅದಕ್ಕೆ ಇಟ್ಟ ಹೆಸರು ರಾವೋರ್ಕೆಸ್ಟಿಸ್. ಮೊದಲ ಭಾಗದಲ್ಲಿರುವುದು ರಾವ್ ಅವರ ಹೆಸರೇ. ಆ ಪ್ರಬಂಧ ಪ್ರಕಟವಾದದ್ದು ಅವರೇ ಮೊದಲ ಸಂಪಾದಕರಾಗಿದ್ದ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ. ಕೊಟ್ಟಿಗೆಹಾರದಲ್ಲಿ ಅವರು ಕಂಡ ಕಪ್ಪೆಯೂ ಈಗ ಈ ಜಾತಿಗೇ ಸೇರಿದೆ. ಇಂದು ಈ ಜಾತಿಯಲ್ಲಿ 60ಕ್ಕೂ ಹೆಚ್ಚು ಪ್ರಭೇದಗಳಿವೆ. ವಿಚಿತ್ರವೆಂದರೆ ರಾವೋರ್ಕೆಸ್ಟಿಸ್ ಕಪ್ಪೆಗಳಿಗೆ ನೀರಿನಲ್ಲಿ ಈಜುವ ಗೊದಮೊಟ್ಟೆಯ ಹಂತವೇ ಇಲ್ಲ. ಮೊಟ್ಟೆಯೊಳಗೇ ಬೆಳೆದು ಪುಟ್ಟ ಕಪ್ಪೆಯಾಗಿಯೇ ಅವು ಹೊರಬರುತ್ತವೆ. ಗೊದಮೊಟ್ಟೆಗಳ ಅಧ್ಯಯನದಿಂದ ಹೆಸರಾದ ವಿಜ್ಞಾನಿಯ ನೆನಪನ್ನು ಗೊದಮೊಟ್ಟೆಯಿಲ್ಲದ ಕಪ್ಪೆಗಳು ಹೊತ್ತಿವೆ.

ಬಯಲುಸೀಮೆಗೆ ಉಳಿದ ಕೆಲಸ

ಕಾಡಿನ ಕಪ್ಪೆಗಳಿಗೆ ಸಿಕ್ಕ ಗಮನ ಬಯಲಿನ ಕಪ್ಪೆಗಳಿಗೆ ಸಿಕ್ಕಿಲ್ಲ. ನಿತ್ಯ ಕಾಣುವುದರಲ್ಲಿ ಹೊಸತೇನಿದೆ ಎಂಬ ಉದಾಸೀನವೇ ಇದಕ್ಕೆ ಕಾರಣ. ಈ ಭಾವನೆ ತಪ್ಪೆಂಬುದಕ್ಕೆ ಸಾಕ್ಷಿ ಬೆಂಗಳೂರಿನ ಹೊರವಲಯದಲ್ಲಿಯೇ ಸಿಕ್ಕಿತು. ಬಿಲ ತೋಡುವ ಕಪ್ಪೆಗಳ ಗುಂಪಿಗೆ ಸೇರಿದ ಹೊಸ ಪ್ರಭೇದವೊಂದು ಅಲ್ಲಿ ಪತ್ತೆಯಾಗಿ, 2020ರಲ್ಲಿ ಬೆಂಗಳೂರಿನ ಹೆಸರನ್ನೇ ಪಡೆಯಿತು. ಮಹಾನಗರದ ಅಂಚಿನಲ್ಲಿಯೇ ಇಂಥ ಜೀವಿ ಇಷ್ಟು ಕಾಲ ಹೆಸರಿಲ್ಲದೆ ಉಳಿದಿತ್ತೆಂದ ಮೇಲೆ ಭೀಮಾ ಮತ್ತು ಅಮರ್ಜಾ ನದಿಗಳ ಸೀಮೆಯ ಎರೆನೆಲದಲ್ಲಿ ನೋಡಬೇಕಾದ್ದು ಇನ್ನೂ ಇರಬಹುದು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಿಂದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಈ ಭಾಗದ ವಿದ್ಯಾರ್ಥಿಗಳಿಗೆ ರಾವ್ ಅವರ ಕಾಲದ ಬಳ್ಳಾರಿಯ ಹುಡುಗರಂತೆ ಮದ್ರಾಸಿಗೆ ಹೋಗಬೇಕಾದ ಅನಿವಾರ್ಯತೆ ಇಂದಿಲ್ಲ.

ಹೆಸರಿಡುವುದಷ್ಟೇ ಅಲ್ಲ, ಉಳಿಸಿಕೊಳ್ಳುವುದೂ ಮುಖ್ಯ. ಗೂಳಿಗಪ್ಪೆಯ ಕಾಲುಗಳನ್ನು ವಿದೇಶಗಳಿಗೆ ರಫ್ತು ಮಾಡುವ ವ್ಯಾಪಾರ ಭಾರತದಲ್ಲಿ ದೊಡ್ಡದಾಗಿ ಬೆಳೆದಿತ್ತು. ಹೊಲಗದ್ದೆಗಳ ಕೀಟ ತಿನ್ನುವ ಪ್ರಾಣಿಯನ್ನು ಹೀಗೆ ಕಳೆದುಕೊಳ್ಳುವುದು ನಷ್ಟವೆಂಬ ಅರಿವು ಮೂಡಿದ ಮೇಲೆ 1987ರಲ್ಲಿ ಆ ರಫ್ತನ್ನು ನಿಷೇಧಿಸಲಾಯಿತು. ಇಂದಿನ ಅಪಾಯ ಬೇರೆ ಬಗೆಯದು. ತೆರೆದ ಬಾವಿಗಳು ಮುಚ್ಚುತ್ತಿವೆ. ಹಿತ್ತಲಿಗೆ ಫರಸಿ ಅಥವಾ ಸಿಮೆಂಟು ಹಾಸಲಾಗುತ್ತಿದೆ. ಮಣ್ಣೇ ಕಾಣದ ಅಂಗಳದಲ್ಲಿ ಬಿಲ ತೋಡುವ ಕಪ್ಪೆಗೆ ಬೇಸಿಗೆ ಕಳೆಯಲು ಜಾಗವೆಲ್ಲಿ? ತೇವವಾದ ಚರ್ಮದ ಮೂಲಕವೂ ಉಸಿರಾಡುವ ಕಪ್ಪೆಗೆ ಕೀಟನಾಶಕದ ಸಿಂಪರಣೆ ನೇರವಾಗಿ ಒಳಗಿಳಿಯುವ ವಿಷ.

ಕಪ್ಪೆಯಿದ್ದಲ್ಲಿ ಹಾವು ಬರುತ್ತದೆಂಬ ಭಯವೂ ಸಹಜ. ಕಪ್ಪೆಯನ್ನರಸಿ ಬರುವ ನೀರುಹಾವು, ಕೇರೆಹಾವುಗಳು ವಿಷರಹಿತ. ಹಲ್ಲಿ, ಓತಿಕ್ಯಾತ, ಹಾವರಾಣಿಗಳಿಂದಲೂ ಮನುಷ್ಯನಿಗೆ ವಿಷದ ಭಯವಿಲ್ಲ. ಆದರೂ ನಾಗರಹಾವು, ಕೊಳಕುಮಂಡಲದಂಥ ವಿಷಸರ್ಪಗಳು ಈ ಸೀಮೆಯಲ್ಲಿ ಇರುವುದರಿಂದ ರಾತ್ರಿ ಹಿತ್ತಲಿಗೆ ಹೋಗುವಾಗ ಬ್ಯಾಟರಿ ಬೆಳಕು, ಕಾಲಿಗೆ ಚಪ್ಪಲಿ ಅಗತ್ಯ. ಕಚ್ಚಿದರೆ ಮಂತ್ರ, ನಾಟಿ ಮದ್ದುಗಳಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಧಾವಿಸಬೇಕು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿದೆ. ಭಯವೂ ತಿಳಿವಳಿಕೆಯ ಮೇಲೆ ನಿಂತರೆ ಹಿತ್ತಲಿನ ಎಲ್ಲ ಜೀವಿಗಳನ್ನೂ ಕೊಲ್ಲುವ ಪ್ರಮೇಯ ಬರುವುದಿಲ್ಲ.

ಅರಳಗುಂಡಗಿ ಶರಣಬಸವೇಶ್ವರರು ಹುಟ್ಟಿದ ಊರು. ಹೊಲದ ಕಾಳನ್ನು ಹಕ್ಕಿಗಳು ತಿನ್ನಲೆಂದು ಬಿಟ್ಟವರು ಅವರು ಎಂಬುದು ಈ ಭಾಗದ ಜನ ಭಕ್ತಿಯಿಂದ ನೆನೆಯುವ ಪ್ರತೀತಿ. ಕಾಳಿಗೆ ಬಂದ ಹಕ್ಕಿಗೆ ಸಲ್ಲುವ ಕರುಣೆ ಹುಳ ತಿನ್ನಲು ಬಂದ ಕಪ್ಪೆಗೂ ಸಲ್ಲಬೇಕಾದ್ದು ನ್ಯಾಯ. ಅದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ. ಹಿತ್ತಲಿನ ಒಂದು ಮೂಲೆಯನ್ನು ಮಣ್ಣಾಗಿಯೇ ಬಿಡುವುದು, ಮಳೆನೀರು ನಿಲ್ಲುವ ತಗ್ಗೊಂದನ್ನು ಔಷಧ ಸಿಂಪಡಿಸದೆ ಉಳಿಸುವುದು, ನೀರಿನ ತೊಟ್ಟಿಯಲ್ಲಿ ಬಿದ್ದ ಕಪ್ಪೆ ಹತ್ತಿ ಬರಲು ಒಂದು ಕಲ್ಲು ಇಡುವುದು ಸಾಕು.

ನಾರಾಯಣ ರಾವ್ ಸಂಗ್ರಹಿಸಿದ ಸೀಸೆಗಳು ಉಳಿಯಲಿಲ್ಲ. ಅವರು ಬರೆದಿಟ್ಟ ಊರುಗಳ ಹೆಸರು ಉಳಿಯಿತು, ಅದನ್ನು ಹಿಡಿದು ಹೋದವರಿಗೆ ಕಪ್ಪೆಗಳೂ ಸಿಕ್ಕವು. ಆ ಊರುಗಳಲ್ಲಿ ಕಾಡೂ ನೀರೂ ಉಳಿದಿದ್ದರಿಂದಲೇ ಅದು ಸಾಧ್ಯವಾಯಿತು. ದಾಖಲೆಯೊಂದೇ ಇದ್ದು ನೆಲೆ ಅಳಿದಿದ್ದರೆ ಹುಡುಕಿ ಹೋದವರು ಬರಿಗೈಯಲ್ಲಿ ಮರಳಬೇಕಾಗುತ್ತಿತ್ತು. ಈ ಮಾತು ಕೆಂಪುಹೊಳೆಯ ಕಾಡಿಗೆ ಎಷ್ಟು ನಿಜವೋ ಅಫಜಲಪುರದ ಒಂದು ಮನೆಯ ಹಿತ್ತಲಿಗೂ ಅಷ್ಟೇ ನಿಜ.